ನಾಯಿಯ ಬೆನ್ನು ನೀವುವ ಕೈ

ಮೈಸೂರಿನ ಅಗ್ರಹಾರದಂಥ ಹಳೆಯ ಬಡಾವಣೆಯಲ್ಲಿ ಸಾಕಿದ ಮುದಿ ನಾಯಿ ಹಿಂಗಾಲು ಎಳೆಯತೊಡಗಿದರೆ, ಮನೆಯವರ ಕೈ ತಾನಾಗಿ ಅದರ ಬೆನ್ನು ನೀವುತ್ತದೆ. ಅದು ತಪ್ಪಲ್ಲ. ಮೃದುವಾಗಿ ನೀವಿದರೆ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ಪ್ರಾಣಿಯೂ ಶಾಂತವಾಗುತ್ತದೆ.

ಆದರೆ ಮುಟ್ಟದೆಯೇ ಅಂಗೈಯಿಂದ ‘ಶಕ್ತಿ’ ಹರಿಸುತ್ತೇವೆ ಎನ್ನುವವರ ಮಾತು ಬೇರೆ. ಜಪಾನಿನ ಮಿಕಾವೊ ಉಸುಯಿ 1922ರಲ್ಲಿ ಆರಂಭಿಸಿದ ರೇಖಿ ಈಗ ನಾಯಿಗಳಿಗೂ ಬಂದಿದೆ. ಇದನ್ನೇ ಹೋಲುವ ಇನ್ನೊಂದು ಪದ್ಧತಿಯನ್ನು ಅಮೆರಿಕದ ಬಾಲಕಿ ಎಮಿಲಿ ರೋಸಾ ಪರೀಕ್ಷಿಸಿದಳು. ನಡುವೆ ಒಂದು ಮರೆ. ಆಕೆಯ ಕೈ ತಮ್ಮ ಯಾವ ಅಂಗೈಯ ಬಳಿಯಿದೆ ಎಂದು ಚಿಕಿತ್ಸಕರು ಹೇಳಬೇಕು, ಅಷ್ಟೆ. 21 ಮಂದಿ, 280 ಪ್ರಯತ್ನ, ಸರಿಯುತ್ತರ ಶೇ. 44. ಕಣ್ಣುಮುಚ್ಚಿ ಊಹಿಸಿದ್ದರೂ ಶೇ. 50ರ ಆಸುಪಾಸು ಸಿಗುತ್ತಿತ್ತು! 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಇದನ್ನು ಪ್ರಕಟಿಸಿತು. ಗುರುತಿಸಲಾಗದ ಶಕ್ತಿಯನ್ನು ಹರಿಸುವುದಾದರೂ ಹೇಗೆ?

ಮೂಕಪ್ರಾಣಿ ನೋವನ್ನು ಹೇಳಲಾರದು. ಕಾಲೆಳೆತಕ್ಕೆ ಸಂಧಿವಾತ, ಮೂಳೆ ಬಿರುಕು, ಬೆನ್ನುಹುರಿಯ ತೊಂದರೆ, ಯಾವುದೂ ಕಾರಣವಾಗಿರಬಹುದು. ಊತ, ಗಾಯ, ಜ್ವರವಿದ್ದರೆ ನೀವಲೂಬಾರದು. ಮೊದಲು ಪಶುವೈದ್ಯರಿಗೆ ತೋರಿಸಿ, ಆಮೇಲೆ ನೀವಿ. ಪ್ರೀತಿಯ ಕೈಗೆ ಬೆಲೆಯಿದೆ. ಆದರೆ ಚಿಕಿತ್ಸೆಯಿಲ್ಲದೆ ಕಳೆದ ದಿನಗಳನ್ನು ಅದು ಮರಳಿ ತಾರದು.