ಕಿಟಕಿಯಿಂದ: ಬುಡಾಪೆಸ್ಟಿನಲ್ಲಿ ಒಂದು ಹಲ್ಲಿನ ವಾರ



ಹಂಗೇರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬರುವುದು ಲಾಭವೇ, ಊರು ನೋಡುವುದೂ ಅದರೊಡನೆ ಆಗುತ್ತದೆಯೇ ಎಂದು ದೀಪಾವಳಿಯಿಂದೀಚೆಗೆ ಮೂರು ಮನೆಯವರು ನಮ್ಮನ್ನು ಕೇಳಿದ್ದಾರೆ. ಆಗ ನಮ್ಮ ಕೆಲಸ ಇನ್ನೂ ಅರ್ಧ ಹಾದಿಯಲ್ಲಿತ್ತು. ಅರ್ಧ ಹಾದಿಯಲ್ಲಿ ನಿಂತು ಇತರರಿಗೆ ದಾರಿ ಹೇಳುವುದು ಸರಿಯಲ್ಲವೆಂದು ಸುಮ್ಮನಿದ್ದೆವು. ಈ ಜನವರಿಯಲ್ಲಿ ಕೆಲಸ ಮುಗಿಯಿತು. ಆದ್ದರಿಂದ ಈ ಸಲದ 'ಕಿಟಕಿ' ಹಲ್ಲಿಗೇ ಮೀಸಲು.

ಮೊದಲೇ ಒಂದು ಮಾತು. ಇಲ್ಲಿ 'ನಾವು' ಎಂದರೆ ನಾವಿಬ್ಬರು. ಕೆಳದವಡೆಯ ಎರಡು ಹಲ್ಲು ಕಳೆದುಕೊಂಡವರು ಒಬ್ಬರು, ಚೀಲ ಹೊತ್ತವರು ಇನ್ನೊಬ್ಬರು. ಯಾರು ಯಾರೆಂಬುದು ಓದುಗರಿಗೆ ಅಗತ್ಯವಿಲ್ಲ. ಖರ್ಚಂತೂ ಒಂದೇ ಕಿಸೆಯದು.

ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿರುವ ನಮ್ಮಂಥವರಿಗೆ ಕೃತಕ ಹಲ್ಲಿಗಾಗಿ ಒಂದು ನಿಗದಿತ ನೆರವು ಸಿಗುವುದು ನಿಮಗೆ ಗೊತ್ತಿರಬಹುದು. 2020ರ ಅಕ್ಟೋಬರ್‌ನಿಂದ ಅದು ಸಾಮಾನ್ಯ ಮಟ್ಟದ ಚಿಕಿತ್ಸೆಯ ವೆಚ್ಚದಲ್ಲಿ ನೂರಕ್ಕೆ 60 ಭಾಗ. ಬೋನಸ್ ಪುಸ್ತಕದಲ್ಲಿ 5 ವರ್ಷ ತಪ್ಪದೆ ತಪಾಸಣೆಯ ಮೊಹರು ಬಿದ್ದಿದ್ದರೆ 70, 10 ವರ್ಷ ಬಿದ್ದಿದ್ದರೆ 75. ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ಐರೋಪ್ಯ ಒಕ್ಕೂಟದ ಬೇರೆ ದೇಶದಲ್ಲಿ ಹಲ್ಲು ಕಟ್ಟಿಸಿಕೊಂಡರೂ ಈ ನೆರವು ದೊರೆಯುತ್ತದೆ. ಹಂಗೇರಿ 2004ರಲ್ಲೇ ಒಕ್ಕೂಟ ಸೇರಿದೆ. ಆದರೆ ಅಲ್ಲಿಯ ವೈದ್ಯರು ಬರೆದುಕೊಟ್ಟ ಚಿಕಿತ್ಸೆ ಮತ್ತು ವೆಚ್ಚದ ಯೋಜನೆಗೆ ಕೆಲಸ ಶುರುವಾಗುವ ಮೊದಲೇ ವಿಮೆಯವರ ಒಪ್ಪಿಗೆ ಪಡೆದಿರಬೇಕು. ದವಡೆಯೊಳಗೆ ಕೂರಿಸುವ ಟೈಟೇನಿಯಂ ತಿರುಪಿಗೆ ನೆರವಿಲ್ಲ; ಅದರ ಮೇಲಿನ ಕಿರೀಟಕ್ಕೆ ಮಾತ್ರ ಉಂಟು.

ಆಸ್ಟ್ರಿಯಾದ ಗಡಿಗೆ ಅಂಟಿಕೊಂಡ ಷೊಪ್ರೊನ್, ಮೊಷೊನ್‌ಮಾಡ್ಯರೋವಾರ್ ಎಂಬ ಊರುಗಳಲ್ಲಿ ಬೀದಿ ಬೀದಿಗೂ ದಂತವೈದ್ಯರ ಫಲಕಗಳಿವೆ. ಗಡಿಯಾಚೆಯವರು ಹಲ್ಲಿಗಾಗಿ ಬರುವುದು ಅಲ್ಲಿ ಹಳೆಯ ರೂಢಿ. ನಾವು ಬುಡಾಪೆಸ್ಟನ್ನು ಆರಿಸಿಕೊಂಡೆವು. ಅಲ್ಲಿಂದ ಬಂದ ಅಂದಾಜು ಪಟ್ಟಿ ಇಲ್ಲಿಯದರ ಅರ್ಧಕ್ಕಿಂತ ತುಸು ಮೇಲಿತ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ, ಎರಡು ಪ್ರಯಾಣಗಳ ಲೆಕ್ಕ ಹಾಕಿಕೊಂಡು ಹೊರಟೆವು. ಮೊದಲ ಸಲ ಹಲ್ಲು ಕಿತ್ತು ಅಲ್ಲೇ ತಿರುಪು ಕೂರಿಸುವುದು, ಎರಡನೆಯ ಸಲ ಕಿರೀಟ.

ಅಲ್ಲಿ ಕುರ್ಚಿಯ ಮೇಲೆ ಕೂತ ಮೇಲೆ ಲೆಕ್ಕ ಬದಲಾಯಿತು. ಒಂದು ಹಲ್ಲಿನ ಬೇರಿನಡಿ ಕೀವು ತುಂಬಿತ್ತು. ವೈದ್ಯೆ ಚಿತ್ರ ತೋರಿಸಿ, ಇಂಥ ಕಡೆ ಈಗಲೇ ತಿರುಪು ಹಾಕುವುದಿಲ್ಲ, ಮೂರು ನಾಲ್ಕು ತಿಂಗಳು ಮೂಳೆ ತುಂಬಲಿ, ಆಮೇಲೆ ಬನ್ನಿ ಎಂದರು. ಎರಡು ಪ್ರಯಾಣ ಮೂರಾಗುತ್ತದೆ, ರಜೆ ಇಲ್ಲ, ಬೇಕಾದರೆ ಕಾಗದಕ್ಕೆ ಸಹಿ ಹಾಕಿಕೊಡುತ್ತೇವೆ ಎಂದು ನಾವು ವಾದಿಸಿ ನೋಡಿದೆವು. ನಿಮ್ಮ ಮೂಳೆಗೆ ನಿಮ್ಮ ಟಿಕೆಟಿನ ತಾರೀಖು ಗೊತ್ತಿಲ್ಲ ಎಂದು ಆಕೆ ನಕ್ಕರು. ಹಣ ತರುವ ಕೆಲಸವನ್ನು ಮುಂದೂಡುವ ವೈದ್ಯರನ್ನು ನಂಬಬಹುದೆಂದು ನಮಗೆ ತೋರಿತು. ಎರಡು ಹಲ್ಲೂ ಹೋದವು, ಹೊಲಿಗೆ ಬಿತ್ತು, ಎಂಟನೆಯ ದಿನ ಹೊಲಿಗೆ ಬಿಚ್ಚಲು ಬರಹೇಳಿದರು. ಹೀಗೆ ಬುಡಾಪೆಸ್ಟಿನಲ್ಲಿ ನಮಗೊಂದು ವಾರ ದಕ್ಕಿತು, ಅಗಿಯಲಾಗದ ಬಾಯೊಂದಿಗೆ.

ರಸಾಯನಶಾಸ್ತ್ರದವರಾದ್ದರಿಂದ ಒಂದೆರಡು ಮಾತು ಹೇಳದಿರಲಾರೆವು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಬಲೆ ನೇಯುತ್ತದೆ. ಆ ಬಲೆಯೇ ಹೊಸ ಅಂಗಾಂಶ ಬೆಳೆಯಲು ಚಪ್ಪರ. ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಒಂದೇ ಪದ ಇರುವುದು ಎಷ್ಟು ಸೊಗಸು! ಹೆಪ್ಪು ಹಾಕಿದ ಪಾತ್ರೆಯನ್ನು ಅಲ್ಲಾಡಿಸಬೇಡಿ ಎಂದು ನಮ್ಮ ತಾಯಂದಿರು ಹೇಳುತ್ತಿದ್ದರಲ್ಲ, ಅಷ್ಟನ್ನು ನೆನಪಿಟ್ಟರೆ ವೈದ್ಯರು ಕೊಡುವ ಚೀಟಿಯ ಅರ್ಧ ಭಾಗ ಬಾಯಿಪಾಠವಾದ ಹಾಗೆ. ಮೊದಲ ದಿನ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು. ಹೀರುಕೊಳವೆ, ಸಿಗರೇಟು, ಬಿಸಿ ಕಾಫಿ ಬೇಡ. ಭಾರ ಎತ್ತಬಾರದು, ಬೆಟ್ಟ ಹತ್ತಬಾರದು. ಹೆಪ್ಪು ಕದಲಿದರೆ ಎರಡು ಮೂರು ದಿನಗಳಲ್ಲಿ ಮೂಳೆ ಬಯಲಾಗಿ, ಕಿವಿಯವರೆಗೆ ಹಬ್ಬುವ ನೋವು ಶುರುವಾಗುತ್ತದೆ. ನೋವಿಗೆಂದು ಊರಿನಿಂದ ತಂದ ಆಸ್ಪಿರಿನ್ ನುಂಗುವುದೂ ಬೇಡ. ಅದು ರಕ್ತದ ಕಿರುಬಿಲ್ಲೆಗಳನ್ನು ಅವುಗಳ ಆಯುಷ್ಯವಿಡೀ ಮಂಕು ಮಾಡುತ್ತದೆ. ಹೃದಯಕ್ಕಾಗಿ ದಿನವೂ ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರು ಮಾತ್ರ ತಾವಾಗಿ ನಿಲ್ಲಿಸದೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಮೊದಲ ದಿನ ಕೋಣೆಯಲ್ಲೇ ಕಳೆಯಿತು, ಕೆನ್ನೆಗೆ ಮಂಜುಗಡ್ಡೆ ಒತ್ತಿಕೊಂಡು. ಎರಡನೆಯ ದಿನ 2ನೇ ನಂಬರಿನ ಟ್ರ್ಯಾಮ್ ಹತ್ತಿದೆವು. ಹಲ್ಲು ಕಿತ್ತವರಿಗೆಂದೇ ಹಾಕಿಸಿದಂತಿದೆ ಆ ಹಳಿ. ಪೆಸ್ಟ್ ದಡದುದ್ದಕ್ಕೂ ಡ್ಯಾನ್ಯೂಬ್ ನದಿಯ ಪಕ್ಕದಲ್ಲೇ ಓಡುತ್ತದೆ. ಸಂಸತ್ ಭವನ, ಆಚೆ ದಡದ ಬುಡಾ ಕೋಟೆ, 1849ರ ಸರಪಳಿ ಸೇತುವೆ, ಎಲ್ಲವೂ ಕಿಟಕಿಗೇ ಬಂದು ನಿಲ್ಲುತ್ತವೆ. 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಆ ಸೇತುವೆಯನ್ನು ಸ್ಫೋಟಿಸಿತು. ಊರಿನವರು ಪುನಃ ಕಟ್ಟಿ, ಅದಕ್ಕೆ ನೂರು ತುಂಬಿದ 1949ರಲ್ಲಿ ತೆರೆದರು. ಕಿತ್ತುಹೋದದ್ದನ್ನು ಕಟ್ಟಿಸಿಕೊಳ್ಳಲು ನಾಲ್ಕು ವರ್ಷ ಕಾದ ಊರಿನಲ್ಲಿ ನಾವು ನಾಲ್ಕು ತಿಂಗಳಿಗೆ ಗೊಣಗುವುದು ಚೆನ್ನಲ್ಲವೆನ್ನಿಸಿತು.

ಮೂರನೆಯ ದಿನ ಊತ ಹೆಚ್ಚು, ಇದು ಸಹಜ. ಆ ದಿನ ಬುಡಾ ಬೆಟ್ಟದ ಬುಡದಲ್ಲಿರುವ ಸೆಮ್ಮೆಲ್‌ವೈಸ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಇಗ್ನಾಟ್ಸ್ ಸೆಮ್ಮೆಲ್‌ವೈಸ್ 1818ರಲ್ಲಿ ಹುಟ್ಟಿದ ಮನೆ ಅದು. 1847ರಲ್ಲಿ ಅವರು ವಿಯೆನ್ನಾದ ಆಸ್ಪತ್ರೆಯಲ್ಲಿದ್ದರು. ಆ ಏಪ್ರಿಲ್‌ನಲ್ಲಿ ಅಲ್ಲಿಯ ಒಂದು ಹೆರಿಗೆ ವಿಭಾಗದಲ್ಲಿ ನೂರಕ್ಕೆ ಸುಮಾರು 18 ತಾಯಂದಿರು ಸಾಯುತ್ತಿದ್ದರು. ಶವ ಕೊಯ್ದ ಕೈಗಳನ್ನು ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ತೊಳೆದೇ ಹೆರಿಗೆ ಮಾಡಿಸಬೇಕೆಂದು ಅವರು ಕಡ್ಡಾಯ ಮಾಡಿದ ಮೇಲೆ, ಆಗಸ್ಟ್‌ನಲ್ಲಿ ಅದು 2ಕ್ಕಿಂತ ಕೆಳಗಿಳಿಯಿತು. ಆ ವಸ್ತು ಬೇರೇನಲ್ಲ, ನಮ್ಮೂರ ಬಾವಿಗೆ ಪುರಸಭೆಯವರು ಸುರಿಯುತ್ತಿದ್ದ ಬ್ಲೀಚಿಂಗ್ ಪೌಡರ್! ಆದರೂ ಅಂದಿನ ದೊಡ್ಡ ವೈದ್ಯರಲ್ಲಿ ಬಹಳ ಮಂದಿ ಒಪ್ಪಲಿಲ್ಲ. 1865ರಲ್ಲಿ ಅವರು ಹುಚ್ಚಾಸ್ಪತ್ರೆಯಲ್ಲಿ, ಗಾಯ ಕೊಳೆತು ತೀರಿಕೊಂಡರು. ಬಾಯಲ್ಲಿ ತೆರೆದ ಗಾಯ ಇಟ್ಟುಕೊಂಡು ಆ ಕೋಣೆಗಳಲ್ಲಿ ನಡೆಯುವಾಗ, ಹಿಂದಿನ ದಿನ ನಮ್ಮ ವೈದ್ಯೆ ಕೈ ತೊಳೆದದ್ದು ನೆನಪಾಗಿ ಮನಸ್ಸು ಭಾರವಾಯಿತು. ಬುಡಾಪೆಸ್ಟಿಗೆ ಹಲ್ಲಿಗಾಗಿ ಹೋದವರು ಈ ಮನೆಗೆ ಹೋಗಿ ಒಂದು ನಮಸ್ಕಾರ ಹಾಕಿ ಬರಬೇಕು.

ಐದನೆಯ ದಿನ ದೊಡ್ಡ ಮಾರುಕಟ್ಟೆ. 1897ರಲ್ಲಿ ತೆರೆದ ಕಬ್ಬಿಣದ ಕಮಾನುಗಳ ಭವನ, ಮೇಲೆ ಬಣ್ಣದ ಹೆಂಚು. ಭಾನುವಾರ ರಜೆ, ಗಮನದಲ್ಲಿರಲಿ. ಮೇಲಂತಸ್ತಿನಲ್ಲಿ ಕರಿದ ಲಾಂಗೋಷ್ ರೊಟ್ಟಿಯ ಘಮ. ನಮ್ಮಲ್ಲಿ ಒಬ್ಬರು ತಿಂದರು, ಇನ್ನೊಬ್ಬರು ನೋಡಿದರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಬುಡಾಪೆಸ್ಟಿಗೂ ಸಲ್ಲುತ್ತದೆ. ಕೆಳಗೆ ತೋರಣ ಕಟ್ಟಿದ ಕೆಂಪು ಪಾಪ್ರಿಕಾ ಕಂಡು ಬ್ಯಾಡಗಿ ಸಂತೆ ಕಣ್ಣಿಗೆ ಕಟ್ಟಿತು. ಹೋಲಿಕೆ ಬರೀ ನೋಟದ್ದಲ್ಲ: ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. ಮೂಲದಲ್ಲಿ ಎರಡೂ ಅಮೆರಿಕದಿಂದ ಬಂದ ಗಿಡ. ನಮಗೆ ಪೋರ್ಚುಗೀಸರು ತಂದರು, ಇವರಿಗೆ ತುರ್ಕರ ಕಾಲದಲ್ಲಿ ಬಂತು. 'ಏದೆಶ್' ಎಂದು ಬರೆದದ್ದು ಸಿಹಿ, 'ಚೀಪೋಶ್' ಎಂದರೆ ಖಾರ. ಸಾರಿಗೆ ಬಣ್ಣ ಬೇಕಾದವರು ಮೊದಲನೆಯದನ್ನು ಕೊಳ್ಳಿ.

ಈ ಪಾಪ್ರಿಕಾಕ್ಕೂ ನಮ್ಮ ವಸಡಿಗೂ ನೆಂಟು ಇದೆ. ಬುಡಾಪೆಸ್ಟಿನಲ್ಲಿ ಹುಟ್ಟಿದ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1930ರ ದಶಕದಲ್ಲಿ ಸೆಗೆಡ್ ಊರಿನಲ್ಲಿ ಪ್ರಾಧ್ಯಾಪಕರಾಗಿದ್ದರು. ರಾತ್ರಿಯೂಟದ ಹಸಿ ಪಾಪ್ರಿಕಾ ತಿನ್ನಲು ಮನಸ್ಸಾಗದೆ ಅದನ್ನು ಪ್ರಯೋಗಶಾಲೆಗೆ ಒಯ್ದೆನೆಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ ಸಿ ಜೀವಸತ್ವ ರಾಶಿಯಾಗಿ ಸಿಕ್ಕಿತು. 1937ರಲ್ಲಿ ಅವರಿಗೆ ವೈದ್ಯಕೀಯದ ನೊಬೆಲ್ ಬಂತು. ವಸಡನ್ನು ಹಿಡಿದಿಡುವ ಕೊಲಾಜನ್ ಎಳೆಗಳು ಹುರಿಗೊಂಡು ಗಟ್ಟಿಯಾಗಲು ಈ ಜೀವಸತ್ವವೇ ಬೇಕು. ಅದಿಲ್ಲದೆ ಹಿಂದಿನ ನಾವಿಕರ ವಸಡು ಕೊಳೆತು ಹಲ್ಲು ಉದುರುತ್ತಿದ್ದವು. ಅಗಿಯಲಾಗದ ನಮ್ಮವರಿಗೆ ಕೆಂಪು ದೊಣ್ಣೆಮೆಣಸನ್ನು ಬೇಯಿಸಿ, ಸೋಸಿ, ಆರಿಸಿ ಕೊಟ್ಟೆವು. ಬೇಯಿಸಿದರೆ ಜೀವಸತ್ವ ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ.

ಉಳಿದಂತೆ ಊಟದ ಚಿಂತೆ ಇಲ್ಲ. ಹಾಲಿನಲ್ಲಿ ಬೇಯಿಸಿದ ರವೆ 'ತೆಯ್‌ಬೆಗ್ರೀಜ್' ಅಲ್ಲಿಯ ಮಕ್ಕಳ ಅಚ್ಚುಮೆಚ್ಚು. ನಮ್ಮ ರವೆ ಪಾಯಸದ ದಾಯಾದಿ. ಅಕ್ಕಿ, ಮೊಸರು ಎಲ್ಲೆಡೆ ಸಿಗುತ್ತವೆ. ಮೆತ್ತಗೆ ಕಲಸಿದ ಮೊಸರನ್ನದಲ್ಲೇ ನಾಲ್ಕು ದಿನ ನಡೆಯಿತು. ಗಸಗಸೆ ಅಲ್ಲಿ ಧಾರಾಳ, ಅಂಗಡಿಯಲ್ಲೇ ಅರೆದು ಕೊಡುತ್ತಾರೆ. ಎರಡು ಕಿಲೋ ಕಟ್ಟಿಸಿಕೊಂಡೆವು, ಆದರೆ ಪಾಯಸ ಮನೆಗೆ ಬಂದ ಮೇಲೆ. ಹೊಲಿಗೆಯ ಸಂದಿಗೆ ಗಸಗಸೆ ಸೇರಿದರೆ ತೆಗೆಯುವವರಾರು? ಇನ್ನು ಕೊಂಡದ್ದು ಕಲೋಚಾ ಊರಿನ ಹೂವಿನ ಕಸೂತಿಯ ಒಂದು ಮೇಜುಹಾಸು, ಮತ್ತು ಮಕ್ಕಳಿಗೆಂದು ಒಂದು ರೂಬಿಕ್ ಘನ. 1974ರಲ್ಲಿ ಎರ್ನೋ ರೂಬಿಕ್ ಅದನ್ನು ಮಾಡಿದ್ದು ಇದೇ ಊರಿನಲ್ಲಿ. ಬಾಯಿ ಮುಚ್ಚಿಕೊಂಡು ಕೂರಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಒಡನಾಡಿ ಇಲ್ಲ. ಮಕ್ಕಳ ಕೈ ಸೇರುವಷ್ಟರಲ್ಲಿ ಅರ್ಧ ಸವೆದಿತ್ತು. ಅಂಗಡಿ ಸುತ್ತುವಾಗ ಭಾಷೆಯೂ ಸ್ವಲ್ಪ ಪರಿಚಯವಾಯಿತು. ಫೊಗ್, ಫೊಗಮ್, ಫೊಗಮ್‌ಬನ್: ಹಲ್ಲು, ನನ್ನ ಹಲ್ಲು, ನನ್ನ ಹಲ್ಲಿನಲ್ಲಿ. ನಮ್ಮ ಹಾಗೆಯೇ ಬಾಲ ಅಂಟಿಸುತ್ತಾ ಹೋಗುವ ಭಾಷೆ!

ಬಿಟ್ಟುಕೊಟ್ಟದ್ದೂ ಉಂಟು. 1896ರ ಸುರಂಗ ರೈಲಿನಲ್ಲಿ ಸೇಚೆನಿ ಸ್ನಾನಗೃಹದ ಬಾಗಿಲಿಗೆ ಹೋಗಿ ಹಾಗೆಯೇ ಮರಳಿದೆವು. ಬಿಸಿನೀರಿನ ಕೊಳ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹೊಲಿಗೆ ಇರುವಾಗ ಸಲ್ಲದು. ಜನವರಿಯ ಕೊನೆಯ ಪ್ರಯಾಣದಲ್ಲಿ, ಸುತ್ತ ಹಿಮವಿರುವಾಗ, ಆ ಬಾಕಿ ತೀರಿಸಿದೆವು.

ಈಗ ಲೆಕ್ಕ. ಮೂರು ಪ್ರಯಾಣ, ವಸತಿ, ಸಂಬಳವಿಲ್ಲದ ರಜೆ ಎಲ್ಲ ಸೇರಿಸಿದ ಮೇಲೆ ನಮಗೆ ಉಳಿದದ್ದು ಇಲ್ಲಿಯ ವೆಚ್ಚದ ಸುಮಾರು ಕಾಲುಭಾಗ. ಅರ್ಧ ಉಳಿಯಿತೆಂದು ಯಾರಾದರೂ ಹೇಳಿದರೆ, ಅವರು ಮಾಯುವ ದಿನಗಳನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದು ತಿಳಿಯಿರಿ. ಆ ದಿನಗಳು ಪ್ರವಾಸದಲ್ಲಿ ಉಳಿದ ಪುರುಸೊತ್ತಲ್ಲ, ಚಿಕಿತ್ಸೆಯದೇ ಒಂದು ಭಾಗ. ಊರು ನೋಡುವುದು ಅವುಗಳ ನಡಿಗೆಗೆ ಹೊಂದಿಕೊಳ್ಳಬೇಕೇ ಹೊರತು ಅವು ಊರು ನೋಡುವ ಅವಸರಕ್ಕಲ್ಲ.

ಹೋಗಲಿಚ್ಛಿಸುವ ಸದಸ್ಯರಿಗೆ ನಮ್ಮ ಸಲಹೆ ಇಷ್ಟು:

1. ಒಂದೇ ಕಿರೀಟಕ್ಕಾದರೆ ಹೋಗಬೇಡಿ. ನಾಲ್ಕಾರು ಹಲ್ಲುಗಳ ಕೆಲಸವಿದ್ದರೆ ಯೋಚಿಸಿ.

2. ವಿಮೆಯ ಒಪ್ಪಿಗೆ ಕೈಗೆ ಬಂದ ಮೇಲೆಯೇ ಟಿಕೆಟು ಕೊಳ್ಳಿ. ವಾಪಸಿನ ತಾರೀಖು ಬದಲಿಸಬಹುದಾದ ಟಿಕೆಟೇ ಇರಲಿ.

3. ಕ್ಷಕಿರಣ ಚಿತ್ರಗಳು, ತಿರುಪಿನ ತಯಾರಕರ ಹೆಸರು, ಅಳತೆ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ನಾಳೆ ಇಲ್ಲಿಯ ವೈದ್ಯರಿಗೆ ಬೇಕಾಗುತ್ತದೆ.

4. ಇಲ್ಲಿ ಕಟ್ಟಿಸಿದ ಹಲ್ಲಿಗೆ 2 ವರ್ಷದ ಹೊಣೆ ಕಾನೂನಿನಲ್ಲೇ ಇದೆ. ಅಲ್ಲಿಯವರ ಹೊಣೆ ಏನು, ಪುನಃ ಹೋಗುವ ಖರ್ಚು ಯಾರದು, ಮೊದಲೇ ಕೇಳಿ.

5. ಊರಿನಿಂದ ಬಂದಿರುವ ತಂದೆತಾಯಿಗಳನ್ನು, ಮರಳುವ ವಿಮಾನದ ಹಿಂದಿನ ವಾರದಲ್ಲಿ, ಈ ಕೆಲಸಕ್ಕೆ ಕರೆದೊಯ್ಯಬೇಡಿ. ಹಿರಿಯರ ಗಾಯ ನಿಧಾನವಾಗಿ ಮಾಯುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ನಿಧಾನ.

6. ಒಬ್ಬರೇ ಹೋಗಬೇಡಿ. ಚೀಲ ಹೊರಲು, ಮಾತಾಡಲು, ಲಾಂಗೋಷ್ ತಿಂದು ರುಚಿ ಹೇಳಲು ಜೊತೆಗೊಬ್ಬರಿರಲಿ.

ಮುಂದಿನ ಸಂಚಿಕೆಯ 'ಕಿಟಕಿ'ಯಲ್ಲಿ, ಹಲವು ಗೃಹಿಣಿಯರ ಒತ್ತಾಯದ ಮೇರೆಗೆ: ಇಲ್ಲಿಯ ಗಡಸು ನೀರಿನಲ್ಲಿ ನಮ್ಮ ತೊಗರಿಬೇಳೆ ಬೇಯಲು ಏಕೆ ಸತಾಯಿಸುತ್ತದೆ, ಅದಕ್ಕೇನು ಉಪಾಯ. ನಿಮ್ಮ ಅನುಭವಗಳನ್ನು ಬರೆದು ಕಳುಹಿಸಿ. ಎಲ್ಲರಿಗೂ ಯುಗಾದಿಯ ಶುಭಾಶಯಗಳು.