ಎರಡು ಟ್ಯೂನರಿನ ಪೆಟ್ಟಿಗೆಯೂ ನಮ್ಮ ಮನೆಯ ಕನ್ನಡವೂ

ಮನೆಯಲ್ಲಿ ಟೆಲಿವಿಷನ್ ಒಂದೇ ಇದ್ದು ನೋಡುವವರು ಐದು ಮಂದಿ ಇದ್ದರೆ ಜಗಳ ತಪ್ಪಿದ್ದಲ್ಲ. ಈ ಜಗಳ ಎಲ್ಲ ಊರುಗಳಲ್ಲಿಯೂ ಉಂಟು. ಆದರೆ ವಡಪಳನಿಯಂತಹ ಸ್ಥಳದಲ್ಲಿ ಸಂಸಾರ ಹೂಡಿರುವ ಕನ್ನಡ ಮನೆಯ ಜಗಳಕ್ಕೆ ಒಂದು ವಿಶೇಷವಿದೆ. ಮೈಸೂರಿನ ಮನೆಯವರು ಈ ಕಾರ್ಯಕ್ರಮ ಬೇಕು, ಆ ಕಾರ್ಯಕ್ರಮ ಬೇಕು ಎಂದು ಕಿತ್ತಾಡುತ್ತಾರೆ; ನಾವಾದರೋ ನಮಗೆ ಅರಿವಿಲ್ಲದಂತೆಯೇ ಈ ಭಾಷೆ ಬೇಕು, ಆ ಭಾಷೆ ಬೇಕು ಎಂದು ಕಿತ್ತಾಡುತ್ತೇವೆ. ಅಜ್ಜಿಗೆ ಕನ್ನಡ ಧಾರಾವಾಹಿ ಬೇಕು. ಮಕ್ಕಳಿಗೆ ಚೇಪಾಕಿನಲ್ಲಿ ನಡೆಯುವ ಕ್ರಿಕೆಟ್ ಪಂದ್ಯ ಬೇಕು, ಅದೂ ತಮಿಳಿನ ವಿವರಣೆಯೊಡನೆ. ಈ ವ್ಯಾಜ್ಯವನ್ನು ತೀರಿಸುವುದಕ್ಕಾಗಿ ನಮ್ಮ ಮನೆಗೆ ಬಂದ ಪಂಚಾಯಿತಿದಾರನೆಂದರೆ ಎರಡು ಟ್ಯೂನರುಗಳುಳ್ಳ ರೆಕಾರ್ಡರ್ ಪೆಟ್ಟಿಗೆ. ಅದು ಬಂದು ಎಂಟು ವರ್ಷಗಳಾದುವು. ಅದರ ತೀರ್ಪಿನಿಂದ ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು ಎಂಬುದನ್ನು ಈ ಶಾಲೆಯ ವಿದ್ಯಾರ್ಥಿಗಳ ಮುಂದಿಡಬೇಕೆಂದು ನನ್ನ ಅಪೇಕ್ಷೆ. ಏಕೆಂದರೆ ನಿಮ್ಮಲ್ಲಿ ಅನೇಕರ ಮನೆಯ ಸ್ಥಿತಿಯೂ ಇದೇ ಆಗಿರಬೇಕು.

ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ವಡಪಳನಿ ಎಂದರೆ ಹೊರಗಿನವರಿಗೆ ಮುರುಗನ ದೇವಸ್ಥಾನ ನೆನಪಾಗುತ್ತದೆ. ಸಿನಿಮಾ ಬಲ್ಲವರಿಗೆ ಎ.ವಿ.ಎಂ. ಮತ್ತು ವಾಹಿನಿ ಸ್ಟುಡಿಯೋಗಳು ನೆನಪಾಗುತ್ತವೆ. 1950 ಮತ್ತು 60ರ ದಶಕಗಳಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನ ಇಂತಹ ಸ್ಟುಡಿಯೋಗಳಲ್ಲಿಯೇ. 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದ ರಾಜಕುಮಾರರು ಬಹುಕಾಲ ಈ ನಗರದಲ್ಲಿಯೇ ಮನೆ ಮಾಡಿಕೊಂಡಿದ್ದರು. ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ದೊಡ್ಡ ಮಾಲ್ ನಿಂತಿದೆ. ಅಂದು ವಡಪಳನಿಯಲ್ಲಿ ಕನ್ನಡವನ್ನು ಚಿತ್ರದಲ್ಲಿ ಹಿಡಿದು ಕರ್ನಾಟಕಕ್ಕೆ ಕಳುಹಿಸುತ್ತಿದ್ದರು. ಇಂದು ಕರ್ನಾಟಕದಿಂದ ಆಕಾಶಮಾರ್ಗವಾಗಿ ಬರುವ ಕನ್ನಡವನ್ನು ನಾವು ವಡಪಳನಿಯಲ್ಲಿ ಪೆಟ್ಟಿಗೆಗೆ ತುಂಬಿಕೊಳ್ಳುತ್ತಿದ್ದೇವೆ. ಕಾಲದ ತಮಾಷೆ ಎಂದರೆ ಇದೇ ಅಲ್ಲವೆ?

ಪೆಟ್ಟಿಗೆಗೂ ನಮ್ಮ ನಗರಕ್ಕೂ ಹಳೆಯ ನಂಟು. ಹಣ ಕೊಟ್ಟು ನೋಡುವ ವಾಹಿನಿಗಳಿಗೆ ಸೆಟ್‌ಟಾಪ್ ಬಾಕ್ಸ್ ಇರಲೇಬೇಕೆಂಬ ನಿಯಮವು ದೇಶದಲ್ಲಿ ಮೊದಲು ಜಾರಿಗೆ ಬಂದದ್ದು ಚೆನ್ನೈಯಲ್ಲಿ, 2003ನೆಯ ಸೆಪ್ಟೆಂಬರಿನಲ್ಲಿ. ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಪೆಟ್ಟಿಗೆಯನ್ನು 2008ರಲ್ಲಿ ಟಾಟಾ ಸ್ಕೈ ಸಂಸ್ಥೆ ಭಾರತದಲ್ಲಿ ಮಾರಾಟಕ್ಕೆ ತಂದಿತು. 2019ರಿಂದ ನಮಗೆ ಬೇಕಾದ ವಾಹಿನಿಗಳನ್ನು ನಾವೇ ಆರಿಸಿಕೊಳ್ಳುವ ಪದ್ಧತಿ ಬಂದಿದೆ. ಈ ನಗರದಲ್ಲಿ ಮಾರುವ ತಮಿಳು ಕಟ್ಟುಗಳಲ್ಲಿ ಕನ್ನಡ ವಾಹಿನಿಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ಅವನ್ನು ಬೇರೆಯಾಗಿ ಕೇಳಿ, ಬೇರೆಯಾಗಿ ಹಣ ತೆತ್ತು ಪಡೆಯಬೇಕು. ಹೀಗೆ ಹಣ ತೆತ್ತು ತಂದ ಕನ್ನಡವು ಮನೆಯಲ್ಲಿ ಹೇಗೆ ಬಾಳುತ್ತಿದೆ ಎಂಬುದೇ ನನ್ನ ಪ್ರಶ್ನೆ.

ಮೊದಲು ಯಂತ್ರದ ವಿಚಾರ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದಿಂದ ನೂರಾರು ವಾಹಿನಿಗಳು ಒಟ್ಟಿಗೆ ಬರುತ್ತಿರುತ್ತವೆ. ಅವುಗಳಲ್ಲಿ ಬೇಕಾದ ಅಲೆಯನ್ನು ಆರಿಸಿ ಹಿಡಿಯುವ ಅಂಗಕ್ಕೆ ಟ್ಯೂನರ್ ಎಂದು ಹೆಸರು. ಟ್ಯೂನರ್ ಒಂದೇ ಇದ್ದರೆ ಒಂದು ಕಾರ್ಯಕ್ರಮವನ್ನು ಮುದ್ರಿಸುತ್ತ ಬೇರೆ ವಾಹಿನಿಯ ಇನ್ನೊಂದನ್ನು ನೋಡುವುದು ಕಷ್ಟ. ಎರಡಿದ್ದರೆ ಒಂದನ್ನು ನೋಡುತ್ತ ಮತ್ತೊಂದನ್ನು ಮುದ್ರಿಸಬಹುದು, ಇಲ್ಲವೆ ಎರಡನ್ನೂ ಮುದ್ರಿಸುತ್ತ ಹಿಂದೆ ಮುದ್ರಿಸಿದ್ದನ್ನು ನೋಡಬಹುದು. ಮಾಳಿಗೆಯ ಮೇಲಿನ ಡಿಶ್ಶಿನಿಂದ ಒಂದಲ್ಲ, ಎರಡು ತಂತಿಗಳು ಏಕೆ ಇಳಿದುಬಂದಿವೆ ಎಂದು ನನ್ನ ಮಗ ಒಮ್ಮೆ ಕೇಳಿದನು. ಉಪಗ್ರಹದ ಅಲೆಗಳಲ್ಲಿ ಕೆಲವು ಲಂಬವಾಗಿಯೂ ಕೆಲವು ಅಡ್ಡವಾಗಿಯೂ ಕಂಪಿಸುತ್ತವೆ. ಯಾವುದು ಬೇಕೆಂಬುದನ್ನು ಪೆಟ್ಟಿಗೆಯು ತಂತಿಯ ಮೂಲಕ 13 ಅಥವಾ 18 ವೋಲ್ಟ್ ವಿದ್ಯುತ್ತನ್ನು ಕಳುಹಿಸಿ ಡಿಶ್ಶಿಗೆ ತಿಳಿಸುತ್ತದೆ. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಎರಡು ಆಜ್ಞೆಗಳು ಹೋಗಲಾರವು. ಆದುದರಿಂದ ಸಾಮಾನ್ಯ ಏರ್ಪಾಟಿನಲ್ಲಿ ಟ್ಯೂನರಿಗೊಂದು ತಂತಿ ಬೇಕಾಗುತ್ತದೆ. ಬಂದದ್ದೆಲ್ಲ ಹಾರ್ಡ್ ಡಿಸ್ಕಿನಲ್ಲಿ ಅಂಕಿಗಳ ರೂಪದಲ್ಲಿ ಕೂರುತ್ತದೆ. ಒಂದು ಕ್ಷಣಕ್ಕೆ 8 ಮೆಗಾಬಿಟ್ಟಿನಂತೆ ಲೆಕ್ಕ ಹಾಕಿದರೆ ಗಂಟೆಗೆ 3.6 ಗಿಗಾಬೈಟ್ ಆಗುತ್ತದೆ. 500 ಗಿಗಾಬೈಟಿನ ಡಿಸ್ಕಿನಲ್ಲಿ ಸುಮಾರು 138 ಗಂಟೆಗಳಷ್ಟು ಹಿಡಿಸೀತು. ಲೆಕ್ಕವನ್ನು ನೀವೇ ಮಾಡಿ ನೋಡಿ, ಕಷ್ಟವಿಲ್ಲ.

ಪೆಟ್ಟಿಗೆ ಬಂದ ಮೊದಲ ತಿಂಗಳು ಮನೆಯಲ್ಲಿ ಶಾಂತಿ ನೆಲೆಸಿತು. ಕ್ರಿಕೆಟ್ ನಡೆಯುತ್ತಿರಲು ಅಜ್ಜಿಯ ಧಾರಾವಾಹಿ ಒಳಗೊಳಗೇ ಮುದ್ರಣವಾಗುತ್ತಿತ್ತು. ಮೂರನೆಯ ವಾಹಿನಿ ಬೇಕೆಂದವರಿಗೆ ಮಾತ್ರ ಜಾಗವಿರಲಿಲ್ಲ. ಎರಡು ಟ್ಯೂನರುಗಳಿರುವ ಮನೆಯಲ್ಲಿ ಮೂರನೆಯ ಬೇಡಿಕೆ ಹುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು! ಅದಿರಲಿ. ಕೆಲವು ತಿಂಗಳುಗಳ ಮೇಲೆ ನಾನು ಕಂಡದ್ದೇನೆಂದರೆ, ನೋಡುವುದು ತಮಿಳು, ಮುದ್ರಿಸುವುದು ಕನ್ನಡ ಎಂಬ ಒಂದು ವಿಭಾಗ ತಾನಾಗಿಯೇ ಏರ್ಪಟ್ಟಿತ್ತು. “ರೆಕಾರ್ಡ್ ಆಗುತ್ತಿದೆಯಲ್ಲ ಅಜ್ಜಿ, ಆಮೇಲೆ ನೋಡಿ” ಎಂಬುದು ಮಕ್ಕಳ ಬಾಯಿಪಾಠವಾಯಿತು. ಅಜ್ಜಿ ಮಾರನೆಯ ದಿನ ಮಧ್ಯಾಹ್ನ, ಮಕ್ಕಳು ಶಾಲೆಗೂ ನಾವು ಕೆಲಸಕ್ಕೂ ಹೋದ ಮೇಲೆ, ಒಬ್ಬರೇ ಕುಳಿತು ನೋಡತೊಡಗಿದರು. ಅವರಿಗೆ ಕಾರ್ಯಕ್ರಮವೇನೋ ದೊರೆಯಿತು. ಆದರೆ ಹಿಂದೆ ಜಗಳವಾಡಿ ಗೆದ್ದ ಆ ಅರ್ಧ ಗಂಟೆಯಲ್ಲಿ, ಮುಖ ಊದಿಸಿಕೊಂಡಾದರೂ ಸರಿ, ಮಕ್ಕಳು ಅವರ ಪಕ್ಕದಲ್ಲಿ ಕುಳಿತು ಕನ್ನಡ ಕೇಳುತ್ತಿದ್ದರು. ಆ ಅರ್ಧ ಗಂಟೆ ಹೋಯಿತು. ಬೀದಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲಿಯೂ ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಅರ್ಧ ಗಂಟೆ ಎಂಬುದು ಸಣ್ಣ ಲೆಕ್ಕವಲ್ಲ. ಜಗಳವೇ ಇರಲಿ ಎಂದು ನಾನು ಹೇಳುತ್ತಿಲ್ಲ. ಜಗಳ ನಿಂತಾಗ ಅದರೊಡನೆ ಏನು ಹೋಯಿತೆಂಬುದನ್ನು ಯಾರಾದರೂ ಲೆಕ್ಕವಿಡಬೇಕಷ್ಟೆ.

“ಹೋದರೇನು, ಪೆಟ್ಟಿಗೆಯಲ್ಲಿ ಭದ್ರವಾಗಿದೆಯಲ್ಲ” ಎನ್ನುವವರುಂಟು. ಈ ಮಾತು ನಿಜವಲ್ಲ. ಡಿಸ್ಕ್ ತುಂಬಿತೆಂದರೆ ಹಳೆಯದು ಅಳಿಯಬೇಕು. ಈಶಾನ್ಯ ಮಾರುತದ ಮಳೆ ಜೋರಾಗಿ ಹಿಡಿದರೆ ಅಲೆಗಳು ದುರ್ಬಲವಾಗಿ ಬರಿಯ ಕತ್ತಲೆಯೇ ಮುದ್ರಣವಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಬೀಗದ ಸಂಗತಿ. ಇಂತಹ ಪೆಟ್ಟಿಗೆಗಳು ಕಾರ್ಯಕ್ರಮವನ್ನು ಗೂಢಲಿಪಿಯಲ್ಲಿ ಇಡುತ್ತವೆ. ಅದು ಆ ಪೆಟ್ಟಿಗೆಯಲ್ಲಲ್ಲದೆ ಇನ್ನೊಂದರಲ್ಲಿ ತೆರೆಯುವುದಿಲ್ಲ. ಮೂರು ವರ್ಷಗಳ ಹಿಂದೆ ನಮ್ಮ ಪೆಟ್ಟಿಗೆ ಕೆಟ್ಟಿತು. ಕಂಪೆನಿಯ ಹುಡುಗ ಬಂದು ಹೊಸದನ್ನಿಟ್ಟು ಹಳೆಯದನ್ನು ಚೀಲಕ್ಕೆ ಹಾಕಿಕೊಂಡನು. ಅದರೊಳಗೆ ನನ್ನ ತಾಯಿಯವರು ಅಳಿಸಕೂಡದೆಂದು ಗುರುತು ಹಾಕಿದ್ದ ಹನ್ನೊಂದು ಕನ್ನಡ ಕಾರ್ಯಕ್ರಮಗಳಿದ್ದುವು. “ಅದಕ್ಕೆ ನಾವೇನೂ ಮಾಡಲಾಗುವುದಿಲ್ಲ ಅಮ್ಮ” ಎಂದು ಅವನು ವಿನಯದಿಂದಲೇ ಹೇಳಿದನು. ಅವನ ಕೈಯಲ್ಲೇನೂ ಇರಲಿಲ್ಲವೆಂಬುದೂ ನಿಜ.

ಹಿಂದೆ ಹೀಗಿರಲಿಲ್ಲ. ಸೋನಿ ಸಂಸ್ಥೆಯ ಟೇಪ್ ಯಂತ್ರ 1975ರಲ್ಲಿ ಬಂದಾಗ ಅಮೆರಿಕದ ಚಿತ್ರಸಂಸ್ಥೆಗಳು ನ್ಯಾಯಾಲಯಕ್ಕೆ ಹೋದುವು. ಆಮೇಲೆ ನೋಡುವುದಕ್ಕೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ಕಳ್ಳತನವಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಟೇಪು ಕೈಯಿಂದ ಕೈಗೆ ಹೋಗುವ ವಸ್ತು. ಫಿಲಡೆಲ್ಫಿಯಾ ನಗರದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ 30 ವರ್ಷಗಳಿಗೂ ಮೀರಿ ಹಗಲಿರುಳು ಟೆಲಿವಿಷನ್ ವಾರ್ತೆಗಳನ್ನು ಮುದ್ರಿಸುತ್ತ ಹೋದರು. 2012ರಲ್ಲಿ ಅವರು ತೀರಿಕೊಂಡಾಗ ಸುಮಾರು 70,000 ಟೇಪುಗಳಿದ್ದುವು. ಅವು ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯನ್ನು ಸೇರಿದುವು. ಇಂಗ್ಲೆಂಡಿನ ಬಿ.ಬಿ.ಸಿ. ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಅನೇಕ ಕಂತುಗಳನ್ನು ತಾನೇ ಅಳಿಸಿಹಾಕಿತ್ತು; ಆ ಕಂತುಗಳ ಧ್ವನಿಯಾದರೂ ಉಳಿದದ್ದು ಮನೆಯಲ್ಲಿ ಮುದ್ರಿಸಿಕೊಂಡ ಅಭಿಮಾನಿಗಳಿಂದ. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಇಂತಹ ನಷ್ಟವನ್ನುಂಡ ಜನರು ನಾವು, ಬೀಗದ ಪೆಟ್ಟಿಗೆಯನ್ನು ಭಂಡಾರವೆಂದು ನಂಬಿ ಕೂರುವುದು ಜಾಣತನವಲ್ಲ. ಅದು ನೀರು ನಿಲ್ಲುವ ಕೆರೆಯಲ್ಲ, ಹರಿದು ಹೋಗುವ ಕಾಲುವೆ. ಬಂದಾಗಲೇ ಬಳಸಿಕೊಳ್ಳಬೇಕು.

ಹಾಗಾದರೆ ಪೆಟ್ಟಿಗೆಯನ್ನು ಹಿಂದಿರುಗಿಸಬೇಕೆ? ನನ್ನ ಅಭಿಪ್ರಾಯ ಅದಲ್ಲ. ಅದರಲ್ಲಿ ಒಂದು ಗುಂಡಿಯಿದೆ. ಎರಡನೆಯ ಟ್ಯೂನರನ್ನು ಬೇಕಾದರೆ ಬಿಟ್ಟುಕೊಟ್ಟೇನು, ಆ ಗುಂಡಿಯನ್ನು ಬಿಡಲಾರೆ. ನಡೆಯುತ್ತಿರುವ ಕಾರ್ಯಕ್ರಮವನ್ನು ಇದ್ದಲ್ಲಿಯೇ ನಿಲ್ಲಿಸುವ ಗುಂಡಿ ಅದು. ಪಾಜ್ ಎಂದು ಕರೆಯುತ್ತಾರೆ. ಎಂದಾದರೊಮ್ಮೆ ಮಕ್ಕಳು ಅಜ್ಜಿಯ ಜೊತೆ ಕುಳಿತಾಗ ಅರ್ಥವಾಗದ ಮಾತೊಂದು ಬಂದರೆ ಹಿಂದೆ ಅದು ಹಾಗೆಯೇ ಹೋಗಿಬಿಡುತ್ತಿತ್ತು. ಈಗ ನಿಲ್ಲಿಸಿ ಕೇಳಬಹುದು. ಧಾರಾವಾಹಿಯಲ್ಲಿ ಒಬ್ಬಳು ‘ಓರಗಿತ್ತಿ’ ಎಂದಳು. ನನ್ನ ಮಗಳು ನಿಲ್ಲಿಸಿದಳು. ಗಂಡನ ಅಣ್ಣ ತಮ್ಮಂದಿರ ಹೆಂಡಿರು ಒಬ್ಬರಿಗೊಬ್ಬರು ಓರಗಿತ್ತಿಯರಾಗಬೇಕೆಂದು ಅಜ್ಜಿ ವಿವರಿಸಿದರು. “ಹಾಗಾದರೆ ತಮಿಳಿನ ಓರಗತ್ತಿಯೇ ಇದು” ಎಂದು ಅವಳಿಗೆ ಹೊಳೆಯಿತು. ಅಲ್ಲಿಂದ ಮಾತು ಬೆಳೆದು ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು. ಹಳಗನ್ನಡದಲ್ಲಿಯೂ ಇವು ಪಕಾರದಿಂದಲೇ ಆರಂಭವಾಗುತ್ತಿದ್ದುವೆಂದು ನಾನು ಹೇಳಿದಾಗ ಮಕ್ಕಳಿಬ್ಬರೂ ಪರದೆಯನ್ನು ಮರೆತು ಬೇರೆ ಬೇರೆ ಪದಗಳನ್ನು ಹುಡುಕತೊಡಗಿದರು. ಪರದೆಯ ಮೇಲೆ ಆ ಹೆಂಗಸು ಬಾಯಿ ತೆರೆದುಕೊಂಡು ಇಪ್ಪತ್ತು ನಿಮಿಷ ಹಾಗೆಯೇ ನಿಂತಿದ್ದಳು! ಬೀದಿಯ ತಮಿಳು ಮನೆಯ ಕನ್ನಡಕ್ಕೆ ಶತ್ರುವೆಂದು ಭಾವಿಸುವವರು ಆ ಇಪ್ಪತ್ತು ನಿಮಿಷ ನಮ್ಮ ಮನೆಯಲ್ಲಿರಬೇಕಾಗಿತ್ತು.

ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯನ್ನೂ ನಾವು ಹೀಗೆಯೇ ನೋಡಿದ್ದೇವೆ. ಅಲ್ಲಿ ಬಹುಮಾನವಾಗಿ ಕೊಡುವುದು ಪುಸ್ತಕಗಳನ್ನು. ಪ್ರಶ್ನೆ ಬಂದೊಡನೆ ನಿಲ್ಲಿಸಿ, ನಿಘಂಟನ್ನು ತೆರೆದು ನೋಡಿ, ಆಮೇಲೆ ‘ಥಟ್ಟನೆ’ ಉತ್ತರ ಹೇಳುವುದು ನನ್ನ ಮಗನ ಕ್ರಮ. ಇದು ನ್ಯಾಯವಲ್ಲವೆಂದು ಅವನ ಅಕ್ಕ ದಿನವೂ ಆಕ್ಷೇಪಿಸುತ್ತಾಳೆ. ನಿಘಂಟು ತೆರೆಯುವವರೆಗೆ ನನ್ನ ಆಕ್ಷೇಪವಿಲ್ಲ.

ಆದುದರಿಂದ ನಮ್ಮ ಮನೆಯಲ್ಲಿ ಈಗ ವಿಭಾಗವನ್ನು ತಿರುಗಿಸಿದ್ದೇವೆ. ರಾತ್ರಿ ಊಟಕ್ಕೆ ಮುಂಚಿನ ಅರ್ಧ ಗಂಟೆ ಎಲ್ಲರೂ ನೋಡುವುದು ಕನ್ನಡ, ಮುದ್ರಣವಾಗುವುದು ಇನ್ನೊಂದು. ಕ್ರಿಕೆಟ್ ಪಂದ್ಯ ಅರ್ಧ ಗಂಟೆ ತಡವಾದರೆ ಕಳೆದುಕೊಳ್ಳುವುದೇನೂ ಇಲ್ಲ, ಅಕ್ಕಪಕ್ಕದ ಮನೆಯವರ ಕೇಕೆ ಮಾತ್ರ ಮೊದಲೇ ಕೇಳಿಸಿ ಫಲಿತಾಂಶ ತಿಳಿದುಬಿಡುತ್ತದೆ. ಮಕ್ಕಳ ದೂರು ಇದೊಂದೇ. ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ಅಂತರ್ಜಾಲದಿಂದ ಎಲ್ಲವೂ ಫೋನಿಗೇ ಬರುತ್ತಿರುವ ಈ ದಿನಗಳಲ್ಲಿ ಪೆಟ್ಟಿಗೆಯ ಚರ್ಚೆಯೇ ಹಳತೆಂದು ಕೆಲವರು ಹೇಳಬಹುದು. ಇಂತಹ ಪೆಟ್ಟಿಗೆಗಳಿಗೆ ಮೊದಲಿನ ಬೇಡಿಕೆ ಉಳಿದಿಲ್ಲವೆಂಬುದು ನಿಜವೇ. ಫೋನಿನಲ್ಲಿಯೂ ನಿಲ್ಲಿಸುವ ಗುಂಡಿಯಿದೆ, ಟ್ಯೂನರಿನ ಮಿತಿಯೂ ಅಲ್ಲಿಲ್ಲ. ಐದು ಮಂದಿ ಐದು ಮೂಲೆಗಳಲ್ಲಿ ಕುಳಿತು ಐದು ಕಾರ್ಯಕ್ರಮಗಳನ್ನು ನೋಡಬಹುದು. ಆದರೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕುಳಿತ ಹುಡುಗಿ ‘ಓರಗಿತ್ತಿ’ ಎಂಬ ಮಾತಿನ ಬಳಿ ನಿಲ್ಲಿಸಿದರೂ ಕೇಳುವುದು ಯಾರನ್ನು? ಅಜ್ಜಿ ಹಜಾರದಲ್ಲಿರುತ್ತಾರೆ.