‘ರ‍್ಯಾಂಪ್ ಒಂದು’ ಎಂದು ಬರೆದರೆ ಸಾಲದು

ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊತ್ತು ನಂಜನಗೂಡಿಗೆ ಬರುವವರು ಇಂದಿಗೂ ಕಡಿಮೆಯಾಗಿಲ್ಲ. ಟಿಪ್ಪು ಸುಲ್ತಾನ ಇಲ್ಲಿನ ದೇವರನ್ನು ‘ಹಕೀಮ ನಂಜುಂಡ’ ಎಂದು ಕರೆದನೆಂಬ ಪ್ರತೀತಿಯೂ ಉಂಟು. ಕಪಿಲೆಯ ಸ್ನಾನಘಟ್ಟದಲ್ಲಿ ಒಂದರ್ಧ ಗಂಟೆ ಕುಳಿತು ನೋಡಿ. ಮಂಡಿನೋವಿನ ಅಜ್ಜಿಯೊಬ್ಬರು ಮೊಮ್ಮಗನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿರುತ್ತಾರೆ. ಮೆಟ್ಟಿಲುಗಳು ಒಂದೇ ಸಮನಾಗಿದ್ದರೆ ಕಾಲಿಗೆ ಅದರ ಲೆಕ್ಕ ತಾನಾಗಿ ಸಿಕ್ಕಿಬಿಡುತ್ತದೆ. ನಡುವೆ ಒಂದೇ ಒಂದು ಮೆಟ್ಟಿಲು ಎರಡಂಗುಲ ಹೆಚ್ಚು ಆಳವಾಗಿದ್ದರೂ ಲೆಕ್ಕ ತಪ್ಪುತ್ತದೆ, ಕಾಲೂ ತಪ್ಪುತ್ತದೆ. ಕಟ್ಟಡದ ಸುರಕ್ಷತೆ ಎಂಬ ದೊಡ್ಡ ಮಾತು ಶುರುವಾಗುವುದು ಇಂಥ ಸಣ್ಣ ಅಳತೆಗಳಿಂದಲೇ.

ಕೆಲವು ವರ್ಷಗಳ ಹಿಂದೆ, ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯ ಊರೊಂದರ ಶಾಲೆಗೆ ಹೋಗಿದ್ದೆ. ಶಾಲೆಯ ಜಗಲಿಗೆ ಮೂರು ಮೆಟ್ಟಿಲು. ಪಕ್ಕದಲ್ಲೇ ಹೊಸದಾಗಿ ಹಾಕಿದ ಸಿಮೆಂಟಿನ ರ‍್ಯಾಂಪ್. ಎಂಟನೇ ತರಗತಿಯ ಹುಡುಗನೊಬ್ಬ ಗಾಲಿಕುರ್ಚಿಯಲ್ಲಿ ಬಂದ. ಅವನ ಅಪ್ಪ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಹಲ್ಲು ಕಚ್ಚಿ ಮೇಲಕ್ಕೆಳೆದರು. ಮಳೆ ಬಂದ ದಿನ ರ‍್ಯಾಂಪ್ ಜಾರುತ್ತದೆಂದು ಹುಡುಗ ಶಾಲೆಗೇ ಬರುತ್ತಿರಲಿಲ್ಲ. ಕಟ್ಟಿದ ಮೇಸ್ತ್ರಿ ಅಲ್ಲೇ ಇದ್ದರು. ಕೇಳಿದೆ.

‘ರ‍್ಯಾಂಪ್ ಒಂದು ಅಂತ ಬರ್ದಿತ್ತು ಸಾ, ಹಾಕ್ದೊ. ಉದ್ದ ಎಷ್ಟು ಅಂತ ಯಾರೂ ಹೇಳ್ನಿಲ್ಲ’ ಎಂದರು.

ಮೇಸ್ತ್ರಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾಗದದಲ್ಲಿ ವಸ್ತುವಿನ ಹೆಸರಿತ್ತು, ಅಳತೆ ಇರಲಿಲ್ಲ.

ಆ ಅಳತೆ ಎಷ್ಟು? ರ‍್ಯಾಂಪಿನ ಏರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎನ್ನುತ್ತದೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ. ಅಂದರೆ ಒಂದು ಅಡಿ ಮೇಲೇರಲು ಹನ್ನೆರಡು ಅಡಿ ಉದ್ದ ಬೇಕು. 15 ಸೆಂಟಿಮೀಟರಿನ ಮೂರು ಮೆಟ್ಟಿಲಿಗೆ ಎತ್ತರ 45 ಸೆಂ.ಮೀ. ಅದನ್ನು 12ರಿಂದ ಗುಣಿಸಿದರೆ 540 ಸೆಂ.ಮೀ., ಅಂದರೆ ಸುಮಾರು ಐದೂವರೆ ಮೀಟರ್. ಆ ಶಾಲೆಯಲ್ಲಿದ್ದದ್ದು ಒಂದೂವರೆ ಮೀಟರ್!

ಹೈಸ್ಕೂಲಿನ ಮಕ್ಕಳು ಇಲ್ಲಿ ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಬಹುದು. ಹುಡುಗ ಮತ್ತು ಕುರ್ಚಿ ಸೇರಿ 60 ಕಿಲೋ ಎಂದಿಟ್ಟುಕೊಳ್ಳಿ. 12ಕ್ಕೆ 1ರ ಏರಿನಲ್ಲಿ ಬೀಳುವ ಶ್ರಮ, ಘರ್ಷಣೆಯನ್ನು ಬಿಟ್ಟರೆ, 5 ಕಿಲೋ ಭಾರ ಎತ್ತಿದಷ್ಟು. ಒಂದೂವರೆ ಮೀಟರಿನ ಆ ರ‍್ಯಾಂಪಿನಲ್ಲಾದರೋ 17 ಕಿಲೋ ಎತ್ತಿದಷ್ಟು. ಮೊದಲನೆಯದನ್ನು ಹುಡುಗ ತಾನೇ ಗಾಲಿ ತಿರುಗಿಸಿ ಏರಬಲ್ಲ. ಎರಡನೆಯದಕ್ಕೆ ಅಪ್ಪ ಬೇಕು, ಅಪ್ಪನಿಗೆ ಕೂಲಿ ತಪ್ಪಬೇಕು.

ಇಂಥ ಅಳತೆಗಳನ್ನು ಗೊತ್ತುಮಾಡುವವರು ಯಾರು? ಭಾರತೀಯ ಮಾನಕ ಸಂಸ್ಥೆ 1947ರಲ್ಲಿ ಹುಟ್ಟಿತು. 1987ರಿಂದ ಅದರ ಕೆಲಸವನ್ನು ಭಾರತೀಯ ಮಾನಕ ಬ್ಯೂರೋ ಮಾಡುತ್ತಿದೆ. ಸಿಮೆಂಟು ಚೀಲದ ಮೇಲಿನ ಐಎಸ್‌ಐ ಮುದ್ರೆ ನೀವು ನೋಡಿರುವುದೇ. ಕಾಂಕ್ರೀಟಿಗೆ ಐ.ಎಸ್. 456, ಕಂಬಿಗೆ ಐ.ಎಸ್. 1786, ಭೂಕಂಪ ತಾಳುವ ವಿನ್ಯಾಸಕ್ಕೆ ಐ.ಎಸ್. 1893 ಎಂದು ಒಂದೊಂದಕ್ಕೂ ಒಂದು ಸಂಖ್ಯೆ. ಇವೆಲ್ಲವನ್ನೂ ಒಂದೆಡೆ ಹೆಣೆದು, ಯಾವ ಕಟ್ಟಡಕ್ಕೆ ಯಾವುದು ಎಂದು ಹೇಳುವುದೇ ರಾಷ್ಟ್ರೀಯ ಕಟ್ಟಡ ಸಂಹಿತೆ. ಮೊದಲು ಬಂದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು.

ಆದರೆ ಸಂಹಿತೆಯೇ ಕಾನೂನಲ್ಲ. ರಾಜ್ಯ ಸರ್ಕಾರವೋ ಸ್ಥಳೀಯ ಸಂಸ್ಥೆಯೋ ತನ್ನ ಕಟ್ಟಡ ಉಪವಿಧಿಗಳಲ್ಲಿ ಅದನ್ನು ಸೇರಿಸಿಕೊಂಡಾಗಲೇ ಅದಕ್ಕೆ ಹಲ್ಲು ಬರುವುದು. ನಂಜನಗೂಡಿನ ನಗರಸಭೆ, ತಿ. ನರಸೀಪುರದ ಪುರಸಭೆ ಮನೆ ಕಟ್ಟಲು ಪರವಾನಗಿ ಕೊಡುವಾಗ ನೋಡಬೇಕಾದದ್ದು ಆ ಉಪವಿಧಿಗಳನ್ನು. ಹಳೆಯ ಕಾಲದ ಮಾತಿನಲ್ಲಿ ಹೇಳುವುದಾದರೆ ಮಾನಕ ಎಂಬುದು ಸೇರು. ಯಾರಿಗೆ ಎಷ್ಟು ಸೇರು ಎಂಬ ಪಟ್ಟಿ ಸಂಹಿತೆ. ಕಡಿಮೆ ಅಳೆದವನ ಕೈ ಹಿಡಿಯುವ ಅಧಿಕಾರ ಉಪವಿಧಿ. ಮೂರರಲ್ಲಿ ಒಂದಿಲ್ಲದಿದ್ದರೂ ಅಕ್ಕಿ ಪೂರಾ ಸಿಕ್ಕುವುದಿಲ್ಲ.

ಹಾಗೆ ಸಿಕ್ಕದಿದ್ದರೆ ಏನಾಗುತ್ತದೆ? ತಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು ಹರಿಯುವ ಕಾವೇರಿಯ ದಡದ ಊರುಗಳಲ್ಲಿ ತಮಿಳುನಾಡಿನ ಕುಂಭಕೋಣವೂ ಒಂದು. 2004ರ ಜುಲೈ 16ರಂದು ಅಲ್ಲಿನ ಶಾಲೆಯೊಂದರಲ್ಲಿ ಅಡುಗೆ ಮಾಡುವಲ್ಲಿ ಹೊತ್ತಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿತು. ಹೊರಬರಲು ಸರಿಯಾದ ದಾರಿಯಿಲ್ಲದೆ 94 ಮಕ್ಕಳು ತೀರಿಕೊಂಡರು. ಸುಡದ ಚಾವಣಿ, ಅಗಲವಾದ ಮೆಟ್ಟಿಲು, ತೆರೆದಿರುವ ಬಾಗಿಲು ಇವೆಲ್ಲ ಪುಸ್ತಕದಲ್ಲಿ ಮೊದಲೇ ಇದ್ದವು. ಆ ದುರಂತದ ನಂತರ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರ ಏಪ್ರಿಲ್‌ನಲ್ಲಿ, ಶಾಲೆಗಳು ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮಗಳನ್ನು ಪಾಲಿಸಬೇಕೆಂದು ಆದೇಶಿಸಿತು.

ರ‍್ಯಾಂಪಿನ ಕಥೆಯೂ ಹೀಗೆಯೇ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ, ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಪರವಾನಗಿ ಕೊಡುವಂತಿಲ್ಲ. ಆದರೆ ಆ ನಿಯಮಗಳು ಹೆಚ್ಚಿನ ಮಟ್ಟಿಗೆ ಸಲಹೆಯ ಧಾಟಿಯಲ್ಲಿದ್ದವು. ರಾಜೀವ್ ರತೂರಿ ಎಂಬ ದೃಷ್ಟಿಹೀನರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಇದನ್ನೇ ಎತ್ತಿ ತೋರಿಸಿತು. ಕಡ್ಡಾಯವಾಗಿ ಪಾಲಿಸಲೇಬೇಕಾದ ಅಳತೆಗಳನ್ನು ಸಲಹೆಗಳಿಂದ ಬೇರ್ಪಡಿಸಿ ನಿಯಮ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ನಮ್ಮ ಮೇಸ್ತ್ರಿ ಹೇಳಿದ್ದೂ ಅದನ್ನೇ ಅಲ್ಲವೇ?

ಈ ಭಾನುವಾರ ಮಕ್ಕಳಿಗೊಂದು ಕೆಲಸ. ಒಂದು ಟೇಪು ಹಿಡಿದು ನಿಮ್ಮ ಶಾಲೆಯನ್ನು ಅಳೆದು ನೋಡಿ. ಮೆಟ್ಟಿಲಿನ ಎತ್ತರ 15 ಸೆಂ.ಮೀ. ಮೀರಬಾರದು, ಕಾಲಿಡುವ ಜಾಗ 30 ಸೆಂ.ಮೀ.ಗೆ ಕಡಿಮೆಯಿರಬಾರದು. ಗಾಲಿಕುರ್ಚಿ ಹೋಗುವ ಬಾಗಿಲು 90 ಸೆಂ.ಮೀ. ತೆರಪಾಗಿರಬೇಕು. ರ‍್ಯಾಂಪಿನ ಉದ್ದವನ್ನು ಎತ್ತರದಿಂದ ಭಾಗಿಸಿ. 12 ಅಥವಾ ಹೆಚ್ಚು ಬಂದರೆ ಸರಿ. ತಾಯಿತಂದೆಯರು ಎಸ್‌ಡಿಎಂಸಿ ಸಭೆಗೆ ಹೋಗುವಾಗ ಈ ಚೀಟಿ ಜೇಬಿನಲ್ಲಿರಲಿ. ಅಂದಾಜುಪಟ್ಟಿಯಲ್ಲಿ ‘ರ‍್ಯಾಂಪ್ ಒಂದು’ ಎಂದಿದ್ದರೆ ‘ಏರು 12ಕ್ಕೆ 1, ಮೇಲ್ಮೈ ತರಿ, ಎರಡೂ ಬದಿ ಹಿಡಿಗಂಬಿ’ ಎಂದು ಸೇರಿಸಿ ಬರೆಸಿ. ಸೇರಿಸುವುದು ಒಂದೇ ಸಾಲು.

ಆ ಶಾಲೆಯಲ್ಲಿ ಹಾಗೆ ಬರೆಸಿದರು. ನೇರವಾಗಿ ಹಾಕಲು ಜಾಗವಿರಲಿಲ್ಲವಾದ್ದರಿಂದ ಅದೇ ಮೇಸ್ತ್ರಿ ಜಗಲಿಯ ಗೋಡೆಗುಂಟ ಹೊಸ ರ‍್ಯಾಂಪ್ ಹಾಕಿದರು. ಮುಂದಿನ ಮಳೆಗಾಲದಲ್ಲಿ ಮತ್ತೆ ಹೋಗಿದ್ದೆ. ಹುಡುಗ ತಾನೇ ಗಾಲಿ ತಿರುಗಿಸಿಕೊಂಡು ಮೇಲೆ ಬಂದ. ಅಪ್ಪ ಬಂದಿರಲಿಲ್ಲ, ಕೆಲಸಕ್ಕೆ ಹೋಗಿದ್ದರು.